ಪಾಪೆ ಹಿಗ್ಗಿಸುವ ಕಣ್ಣಹನಿ: ತಿಳಿದು ಬಳಸಬೇಕಾದ ಔಷಧ

ಕಣ್ಣಿನ ಆಸ್ಪತ್ರೆಗೆ ಹೋಗಿ ಬಂದವರಿಗೆಲ್ಲ ಒಂದು ದೃಶ್ಯ ಪರಿಚಿತವಾಗಿರುತ್ತದೆ. ವೈದ್ಯರ ಕೊಠಡಿಯ ಹೊರಗಿನ ಬೆಂಚುಗಳ ಮೇಲೆ ಹತ್ತಾರು ಜನರು ಕಣ್ಣು ಮುಚ್ಚಿ ಕುಳಿತಿರುತ್ತಾರೆ. ದಾದಿಯೊಬ್ಬರು ಬಂದು ಒಬ್ಬೊಬ್ಬರ ಮುಖವನ್ನೂ ಮೇಲಕ್ಕೆತ್ತಿಸಿ, ಕೆಳರೆಪ್ಪೆಯನ್ನು ತುಸು ಜಗ್ಗಿ, ಒಂದೊಂದು ಹನಿ ಬಿಟ್ಟು ಮುಂದೆ ಸಾಗುತ್ತಾರೆ. ಸ್ವಲ್ಪ ಹೊತ್ತಿನ ನಂತರ ಟಾರ್ಚು ಹಿಡಿದು ನೋಡಿ, ‘ಇನ್ನೂ ಪಾಪೆ ಹಿಗ್ಗಿಲ್ಲ, ಕೂತಿರಿ’ ಎಂದು ಮತ್ತೊಂದು ಹನಿ ಹಾಕುತ್ತಾರೆ. ಕುಳಿತವರಲ್ಲಿ ಬಹಳ ಮಂದಿಗೆ ಆ ಹನಿ ಯಾವುದು, ಏಕೆ ಹಾಕುತ್ತಾರೆ, ಅದರ ಪರಿಣಾಮ ಎಷ್ಟು ಹೊತ್ತು ಇರುತ್ತದೆ ಎಂಬುದು ತಿಳಿದಿರುವುದಿಲ್ಲ. ಕೇಳುವುದಕ್ಕೆ ಸಂಕೋಚ, ಹೇಳುವವರಿಗೆ ಬಿಡುವಿಲ್ಲ.

ನಮಗೆ ಪರಿಚಿತವಾದ ಕುಟುಂಬವೊಂದರಲ್ಲಿ ನಡೆದ ಸಂಗತಿಯನ್ನು ಇಲ್ಲಿ ಹೇಳಬೇಕಾಗಿದೆ. ಅರವತ್ತು ದಾಟಿದ ತಾಯಿಯೊಬ್ಬರು ಬೆಳಿಗ್ಗೆ ಕಣ್ಣು ತೋರಿಸಿಕೊಂಡು ಮಧ್ಯಾಹ್ನ ಮನೆಗೆ ಮರಳಿದರು. ಸಂಜೆಯ ವೇಳೆಗೆ ಬಲಗಣ್ಣಿನ ಸುತ್ತ ನೋವು ಆರಂಭವಾಗಿ, ರಾತ್ರಿ ಅರ್ಧ ತಲೆಯೇ ಸಿಡಿಯತೊಡಗಿತು. ಎರಡು ಬಾರಿ ವಾಂತಿಯಾಯಿತು. ಬಿಸಿಲಿನಲ್ಲಿ ಓಡಾಡಿದ್ದರಿಂದ ಪಿತ್ತ ಕೆರಳಿದೆಯೆಂದು ಮನೆಯವರು ನಿಂಬೆ ಹಣ್ಣಿನ ಪಾನಕ ಕೊಟ್ಟರು, ನೋವಿನ ಮಾತ್ರೆ ನುಂಗಿಸಿದರು, ನೆತ್ತಿಗೆ ಎಣ್ಣೆ ತಟ್ಟಿದರು. ಮೂರನೆಯ ದಿನ ಆಸ್ಪತ್ರೆಗೆ ಕರೆದೊಯ್ಯುವ ವೇಳೆಗೆ ಆ ಕಣ್ಣಿನ ದೃಷ್ಟಿಯ ಬಹುಪಾಲು ಹೋಗಿತ್ತು. ಹನಿ ಹಾಕಿದ ದಿನವೇ ಆಸ್ಪತ್ರೆಯವರು ಮಗನ ಕೈಗೆ ಒಂದು ಚೀಟಿ ಕೊಟ್ಟಿದ್ದರು. ‘ಕಣ್ಣು ನೋವು, ತಲೆನೋವು, ವಾಂತಿ ಕಂಡುಬಂದರೆ ಕೂಡಲೇ ಬನ್ನಿ’ ಎಂದು ಅದರಲ್ಲಿ ಬರೆದಿತ್ತು. ಆ ಚೀಟಿ ಮಡಿಚಿದ ಹಾಗೆಯೇ ಅಂಗಿಯ ಜೇಬಿನಲ್ಲಿ ಉಳಿದಿತ್ತು.

ಇಂತಹ ಪ್ರಸಂಗಗಳು ಬಹು ವಿರಳ. ಲಕ್ಷಾಂತರ ಜನರು ಈ ಹನಿಯನ್ನು ಹಾಕಿಸಿಕೊಂಡು ಯಾವ ತೊಂದರೆಯೂ ಇಲ್ಲದೆ ಮನೆಗೆ ಮರಳುತ್ತಾರೆ. ಆದರೆ ವಿರಳವಾದ ಅಪಾಯವೂ ನಮ್ಮ ಮನೆಯಲ್ಲಿ ಸಂಭವಿಸಿದಾಗ ವಿರಳವಾಗಿ ಉಳಿಯುವುದಿಲ್ಲ. ಹನಿ ಹಾಕಿಸಿಕೊಳ್ಳುವ ಮೊದಲು ಹೇಳಬೇಕಾದ ಮಾತುಗಳು ಯಾವುವು, ಹಾಕಿಸಿಕೊಂಡ ನಂತರ ಗಮನಿಸಬೇಕಾದ ಲಕ್ಷಣಗಳು ಯಾವುವು ಎಂಬ ಎರಡು ವಿಷಯಗಳನ್ನು ಬಲ್ಲವರಿಗೆ ಈ ಔಷಧದಿಂದ ಭಯಪಡುವ ಕಾರಣವಿಲ್ಲ. ಆ ತಿಳಿವಳಿಕೆಯನ್ನು ಓದುಗರೊಡನೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ಪಾಪೆಯೆಂಬ ಕಿಂಡಿ

ಕಣ್ಣಿನ ನಡುವೆ ಕಪ್ಪಾಗಿ ಕಾಣುವ ಪಾಪೆ ವಾಸ್ತವವಾಗಿ ಒಂದು ರಂಧ್ರ. ಅದರ ಸುತ್ತಲಿನ ಬಣ್ಣದ ಪರದೆಗೆ ಐರಿಸ್ ಎಂದು ಹೆಸರು. ಈ ಪರದೆಯಲ್ಲಿ ಎರಡು ಬಗೆಯ ಸ್ನಾಯುಗಳಿವೆ. ಒಂದು, ಪಾಪೆಯನ್ನು ಬಳೆಯಂತೆ ಸುತ್ತುವರಿದು ಅದನ್ನು ಕುಗ್ಗಿಸುತ್ತದೆ; ಇನ್ನೊಂದು, ಗಾಲಿಯ ಅರಗಳಂತೆ ಹರಡಿಕೊಂಡು ಅದನ್ನು ಹೊರಕ್ಕೆ ಎಳೆದು ಹಿಗ್ಗಿಸುತ್ತದೆ. ಬಿಸಿಲಿಗೆ ಬಂದಾಗ ಪಾಪೆ ಕಿರಿದಾಗುವುದೂ, ಕತ್ತಲೆಯಲ್ಲಿ ಹಿರಿದಾಗುವುದೂ ಇವುಗಳ ಕೆಲಸವೇ.

ಕಣ್ಣಿನ ಹಿಂಭಾಗದ ಒಳಗೋಡೆಗೆ ಅಂಟಿಕೊಂಡಿರುವ ಸೂಕ್ಷ್ಮ ಪೊರೆ ರೆಟಿನಾ. ನಾವು ಕಾಣುವ ಜಗತ್ತೆಲ್ಲ ಮೊದಲು ಮೂಡುವುದು ಅದರ ಮೇಲೆ. 1851ರಲ್ಲಿ ಜರ್ಮನಿಯ ವಿಜ್ಞಾನಿ ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ ಕಣ್ಣಿನ ಒಳಭಾಗವನ್ನು ನೋಡುವ ಉಪಕರಣವನ್ನು ಪ್ರಕಟಿಸಿದ ಮೇಲೆ, ಜೀವಂತ ಮನುಷ್ಯನ ರೆಟಿನಾ ವೈದ್ಯರಿಗೆ ಗೋಚರವಾಯಿತು. ಆದರೆ ವೈದ್ಯರು ಉಪಕರಣದ ಬೆಳಕು ಬಿಟ್ಟೊಡನೆ ಪಾಪೆ ಸಹಜವಾಗಿ ಕುಗ್ಗಿಬಿಡುತ್ತದೆ. ಮುಚ್ಚಿದ ಮನೆಯ ಒಳಗಿನ ನಾಲ್ಕೂ ಮೂಲೆಗಳನ್ನು ಬೀಗದ ಕಿಂಡಿಯಿಂದ ನೋಡಲು ಹೇಗೆ ಸಾಧ್ಯವಿಲ್ಲವೋ, ಕಿರಿದಾದ ಪಾಪೆಯ ಮೂಲಕ ರೆಟಿನಾದ ಅಂಚುಗಳನ್ನು ನೋಡಲೂ ಹಾಗೆಯೇ ಸಾಧ್ಯವಿಲ್ಲ. ಹನಿ ಹಾಕುವುದು ಆ ಕಿಂಡಿಯನ್ನು ಬಾಗಿಲಾಗಿಸುವುದಕ್ಕೆ.

ಮಧುಮೇಹದಿಂದ ರೆಟಿನಾದ ರಕ್ತನಾಳಗಳು ಸೋರುತ್ತಿವೆಯೇ, ರೆಟಿನಾ ಹರಿದಿದೆಯೇ ಅಥವಾ ಕಳಚಿದೆಯೇ, ಪೊರೆ ಎಷ್ಟು ಬಲಿತಿದೆ, ದೃಷ್ಟಿನರ ಆರೋಗ್ಯವಾಗಿದೆಯೇ ಎಂಬುದನ್ನು ಪೂರ್ಣವಾಗಿ ಅರಿಯಲು ಪಾಪೆ ಹಿಗ್ಗಬೇಕು. ಮಕ್ಕಳಲ್ಲಿ ಇನ್ನೊಂದು ಕಾರಣವೂ ಇದೆ. ಹತ್ತಿರದ ವಸ್ತುಗಳ ಮೇಲೆ ದೃಷ್ಟಿ ನೆಡುವ ಸ್ನಾಯು ಮಕ್ಕಳಲ್ಲಿ ಬಹು ಬಲವಾಗಿರುವುದರಿಂದ, ಅದು ಕಣ್ಣಿನ ನಿಜವಾದ ದೋಷವನ್ನು ಮರೆಮಾಡಿಬಿಡುತ್ತದೆ. ಹನಿಯಿಂದ ಆ ಸ್ನಾಯುವಿಗೆ ವಿಶ್ರಾಂತಿ ಕೊಟ್ಟ ಮೇಲೆಯೇ ಕನ್ನಡಕದ ಸರಿಯಾದ ನಂಬರು ಸಿಗುತ್ತದೆ.

ಎಲ್ಲ ಹನಿಗಳೂ ಒಂದೇ ಅಲ್ಲ

ನಮ್ಮ ಹೊಲದ ಬದುಗಳಲ್ಲಿಯೂ ಹಾಳು ನೆಲದಲ್ಲಿಯೂ ತಾನಾಗಿ ಬೆಳೆಯುವ ದತ್ತೂರಿ ಗಿಡವನ್ನು ಎಲ್ಲರೂ ಬಲ್ಲರು. ಅದನ್ನು ಕಿತ್ತು ಕೈ ತೊಳೆಯದೆ ಕಣ್ಣುಜ್ಜಿಕೊಂಡವರ ಪಾಪೆ ಹಿಗ್ಗಿ, ಒಂದೆರಡು ದಿನ ದೃಷ್ಟಿ ಮಂಜಾಗುವುದುಂಟು. ಆ ಗಿಡದಲ್ಲಿರುವ ಅಟ್ರೋಪಿನ್ ಮತ್ತು ಅದರ ಬಳಗದ ವಸ್ತುಗಳೇ ಇದಕ್ಕೆ ಕಾರಣ. ಯೂರೋಪಿನ ಬೆಲ್ಲಡೋನಾ ಎಂಬ ಗಿಡದಲ್ಲಿಯೂ ಇದೇ ವಸ್ತುವಿದೆ. ಆ ಹೆಸರಿಗೆ ಇಟಲಿಯ ಭಾಷೆಯಲ್ಲಿ ‘ಸುಂದರ ಸ್ತ್ರೀ’ ಎಂದು ಅರ್ಥ. ಹಿಂದಿನ ಕಾಲದಲ್ಲಿ ಅಲ್ಲಿನ ಸ್ತ್ರೀಯರು ಕಣ್ಣು ವಿಶಾಲವಾಗಿ ಕಾಣಲೆಂದು ಅದರ ರಸವನ್ನು ಬಿಟ್ಟುಕೊಳ್ಳುತ್ತಿದ್ದರೆಂದು ಹೇಳುತ್ತಾರೆ. ಗಿಡದಲ್ಲಿದ್ದ ಆ ಶಕ್ತಿಯನ್ನು ಅಳತೆಗೆ ತಂದು ವೈದ್ಯಶಾಸ್ತ್ರ ಔಷಧವಾಗಿಸಿತು. ಅಳತೆ ತಪ್ಪಿದರೆ ಔಷಧ ಮತ್ತೆ ವಿಷವಾಗುತ್ತದೆ ಎಂಬುದನ್ನು ಮರೆಯಬಾರದು.

ಇಂದು ತಪಾಸಣೆಗೆ ಹೆಚ್ಚಾಗಿ ಬಳಸುವುದು ಟ್ರೋಪಿಕಮೈಡ್. ಇದು ಪಾಪೆಯನ್ನು ಕುಗ್ಗಿಸುವ ಸ್ನಾಯುವನ್ನು ಸಡಿಲಗೊಳಿಸುತ್ತದೆ. 20ರಿಂದ 30 ನಿಮಿಷಗಳಲ್ಲಿ ಪರಿಣಾಮ ಕಾಣಿಸಿ, ಸಾಮಾನ್ಯವಾಗಿ 4ರಿಂದ 8 ಗಂಟೆಗಳಲ್ಲಿ ಇಳಿಯುತ್ತದೆ. ಇದರ ಜೊತೆಗೆ ಫಿನೈಲೆಫ್ರಿನ್ ಎಂಬ ಇನ್ನೊಂದು ಔಷಧವನ್ನು ಸೇರಿಸುವುದುಂಟು. ಅದು ಪಾಪೆಯನ್ನು ಹಿಗ್ಗಿಸುವ ಸ್ನಾಯುವನ್ನು ಚುರುಕುಗೊಳಿಸುತ್ತದೆ. ಮಕ್ಕಳ ನಂಬರು ನೋಡಲು ಬಳಸುವ ಸೈಕ್ಲೋಪೆಂಟೊಲೇಟ್ ಸುಮಾರು ಒಂದು ದಿನ ಉಳಿಯುತ್ತದೆ. ಹೋಮಾಟ್ರೋಪಿನ್ ಒಂದರಿಂದ ಮೂರು ದಿನ ಇರುತ್ತದೆ. ಶೇಕಡಾ 1ರ ಅಟ್ರೋಪಿನ್‌ನ ಪರಿಣಾಮವಾದರೋ ಒಂದರಿಂದ ಎರಡು ವಾರಗಳವರೆಗೆ ಉಳಿಯಬಲ್ಲದು.

ನಮ್ಮಂತಹ ಕಂದು ಕಣ್ಣುಗಳಲ್ಲಿ ಬಣ್ಣದ ಕಣಗಳು ಔಷಧವನ್ನು ಹಿಡಿದಿಟ್ಟುಕೊಳ್ಳುವುದರಿಂದ ಪಾಪೆ ಹಿಗ್ಗಲು ಹೆಚ್ಚು ಹೊತ್ತು ಬೇಕು, ಮರಳಿ ಕುಗ್ಗಲೂ ಹೆಚ್ಚು ಹೊತ್ತು ಬೇಕು. ಆದ್ದರಿಂದ ಎರಡನೆಯ, ಮೂರನೆಯ ಬಾರಿ ಹನಿ ಹಾಕಿದರೆ ಗಾಬರಿಯಾಗಬೇಕಿಲ್ಲ. ಆದರೆ ‘ಯಾವ ಹನಿ ಹಾಕಿದಿರಿ? ಎಷ್ಟು ಹೊತ್ತು ಇರುತ್ತದೆ?’ ಎಂಬ ಎರಡು ಪ್ರಶ್ನೆಗಳನ್ನು ಕೇಳಿ ತಿಳಿದುಕೊಂಡೇ ಅಲ್ಲಿಂದ ಏಳಬೇಕು. ಅದು ನಮ್ಮ ಹಕ್ಕೂ ಹೌದು, ಹೊಣೆಯೂ ಹೌದು.

ಹನಿಗೆ ಮೊದಲು ಹೇಳಬೇಕಾದ ಮಾತುಗಳು

ಕಣ್ಣಿಗೆ ಬಿದ್ದ ಹನಿ ಕಣ್ಣಿನಲ್ಲಿಯೇ ಉಳಿಯುತ್ತದೆಯೆಂದು ಭಾವಿಸುವುದು ತಪ್ಪು. ಕಣ್ಣಿನ ಒಳಮೂಲೆಯಲ್ಲಿರುವ ಕಣ್ಣೀರಿನ ನಾಳದ ಮೂಲಕ ಅದು ಮೂಗಿಗೂ ಗಂಟಲಿಗೂ ಇಳಿಯುತ್ತದೆ. ಅಲ್ಲಿಂದ ರಕ್ತವನ್ನು ಸೇರುತ್ತದೆ. ಹನಿ ಹಾಕಿದ ಸ್ವಲ್ಪ ಹೊತ್ತಿಗೆ ಬಾಯಿ ಕಹಿಯಾಗುವುದು ಇದೇ ಕಾರಣದಿಂದ. ಆದುದರಿಂದ ಕಣ್ಣಿನ ವೈದ್ಯರಿಗೆ ದೇಹದ ಉಳಿದ ಸಂಗತಿಗಳನ್ನೂ ತಿಳಿಸಬೇಕು.

ಮೊದಲನೆಯದಾಗಿ, ರಕ್ತದೊತ್ತಡ ಹತೋಟಿಯಲ್ಲಿಲ್ಲದವರು, ಹೃದ್ರೋಗಿಗಳು ಮತ್ತು ಪಾರ್ಶ್ವವಾಯು ಬಂದು ಹೋದವರು ಅದನ್ನು ಹೇಳಲೇಬೇಕು. ಫಿನೈಲೆಫ್ರಿನ್ ರಕ್ತನಾಳಗಳನ್ನು ಬಿಗಿಗೊಳಿಸುವ ಔಷಧ. ವಿಶೇಷವಾಗಿ ಶೇಕಡಾ 10ರಷ್ಟು ತೀಕ್ಷ್ಣವಾದ ಹನಿ ರಕ್ತದೊತ್ತಡವನ್ನು ಏರಿಸಬಲ್ಲದು. ಇಂಥವರಿಗೆ ವೈದ್ಯರು ಅದಿಲ್ಲದ ಹನಿಯನ್ನೋ ಸೌಮ್ಯವಾದ ಹನಿಯನ್ನೋ ಆರಿಸುತ್ತಾರೆ. ಮಾನಸಿಕ ಖಿನ್ನತೆಗಾಗಿ ಮಾತ್ರೆ ಸೇವಿಸುವವರೂ ಆ ಮಾತ್ರೆಯ ಹೆಸರನ್ನು ಮುಚ್ಚಿಡಬಾರದು. ಅವುಗಳಲ್ಲಿ ಕೆಲವು ಈ ಹನಿಯೊಡನೆ ಹೊಂದುವುದಿಲ್ಲ.

ಎರಡನೆಯದಾಗಿ, ಕಣ್ಣಿನ ಒತ್ತಡದ ಕಾಯಿಲೆಯಾದ ಗ್ಲಾಕೋಮಾ ತಮಗಾಗಲಿ, ತಂದೆ ತಾಯಿಗಾಗಲಿ, ಒಡಹುಟ್ಟಿದವರಿಗಾಗಲಿ ಇದ್ದರೆ ತಿಳಿಸಬೇಕು. ಸಂಜೆ ದೀಪದ ಸುತ್ತ ಬಣ್ಣದ ಬಳೆಗಳು ಕಾಣುವುದು, ಆಗಾಗ ಒಂದು ಕಣ್ಣು ನೋಯುತ್ತ ದೃಷ್ಟಿ ಮಂಜಾಗುವುದು ಮುಂತಾದ ಅನುಭವಗಳಿದ್ದರೂ ಹೇಳಬೇಕು. ಗ್ಲಾಕೋಮಾ ಇದ್ದವರೆಲ್ಲರಿಗೂ ಈ ಹನಿ ನಿಷಿದ್ಧವೆಂಬ ನಂಬಿಕೆ ಸರಿಯಲ್ಲ. ಅಪಾಯವಿರುವುದು ಕಣ್ಣಿನ ಒಳಕೋನ ಕಿರಿದಾಗಿರುವ ಬಗೆಯಲ್ಲಿ. ಅದು ಯಾರಿಗಿದೆ ಎಂಬುದನ್ನು ಹನಿಗೆ ಮೊದಲೇ ಬೆಳಕು ಹಾಯಿಸಿ ಪರೀಕ್ಷಿಸಿ ತಿಳಿಯಲು ಸಾಧ್ಯ.

ಮೂರನೆಯದಾಗಿ, ಪ್ರಾಸ್ಟೇಟ್ ಗ್ರಂಥಿ ಬೆಳೆದು ಮೂತ್ರ ಕಟ್ಟುವುದಕ್ಕಾಗಿ ಟ್ಯಾಮ್ಸುಲೋಸಿನ್ ಮೊದಲಾದ ಮಾತ್ರೆ ತೆಗೆದುಕೊಳ್ಳುವ ಹಿರಿಯರು ಪೊರೆಯ ಶಸ್ತ್ರಚಿಕಿತ್ಸೆಗೆ ಮೊದಲು ಅದನ್ನು ತಪ್ಪದೆ ಹೇಳಬೇಕು. ಮೂತ್ರದ ಮಾತ್ರೆಗೂ ಕಣ್ಣಿಗೂ ಏನು ಸಂಬಂಧವೆಂದು ಅನೇಕರು ಸುಮ್ಮನಿರುತ್ತಾರೆ. ಆದರೆ ಈ ಮಾತ್ರೆ ಸೇವಿಸುವವರಲ್ಲಿ ಪಾಪೆ ಸರಿಯಾಗಿ ಹಿಗ್ಗದೆ, ಶಸ್ತ್ರಚಿಕಿತ್ಸೆಯ ನಡುವೆ ಐರಿಸ್ ಸಡಿಲವಾಗಿ ಅಲುಗಾಡಿ ತೊಡಕಾಗುವುದುಂಟು. ಮೊದಲೇ ತಿಳಿದರೆ ವೈದ್ಯರು ಅದಕ್ಕೆ ಸಿದ್ಧರಾಗಿರುತ್ತಾರೆ. ಹಾಗೆಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು.

ಇವಲ್ಲದೆ, ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಹಿಂದೆ ಯಾವುದಾದರೂ ಕಣ್ಣಹನಿಯಿಂದ ಕೆಂಪಾಗಿ ಊದಿಕೊಂಡವರು, ಕಣ್ಣಿನೊಳಗೆ ಕಾಂಟ್ಯಾಕ್ಟ್ ಲೆನ್ಸ್ ಧರಿಸಿದವರು ಮುಂಚೆಯೇ ಹೇಳಬೇಕು. ಲೆನ್ಸನ್ನು ಹನಿಗೆ ಮೊದಲು ತೆಗೆಯಬೇಕು. ಇತ್ತೀಚೆಗೆ ತಲೆಗೆ ಪೆಟ್ಟು ಬಿದ್ದಿದ್ದರೆ ಅದನ್ನಂತೂ ಮರೆಯದೆ ತಿಳಿಸಬೇಕು. ಮೆದುಳಿನ ಸ್ಥಿತಿಯನ್ನು ಅರಿಯಲು ವೈದ್ಯರು ಪಾಪೆಯ ಅಳತೆಯನ್ನು ನೋಡುತ್ತಾರೆ. ಹನಿ ಹಾಕಿ ಹಿಗ್ಗಿಸಿದರೆ ಆ ಗುರುತು ಅಳಿಸಿಹೋಗುತ್ತದೆ. ಇದೇ ಕಾರಣಕ್ಕೆ, ಹನಿ ಹಾಕಿಸಿಕೊಂಡ ದಿನ ಅಪಘಾತವಾದರೆ ‘ಇಂದು ಕಣ್ಣಿಗೆ ಹನಿ ಹಾಕಿದ್ದಾರೆ’ ಎಂದು ಚಿಕಿತ್ಸೆ ಮಾಡುವವರಿಗೆ ಹೇಳಬೇಕು.

ಇಷ್ಟನ್ನೆಲ್ಲ ನೆನಪಿಟ್ಟು ಹೇಳುವುದು ವಯಸ್ಸಾದವರಿಗೆ ಕಷ್ಟ. ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿಯನ್ನೋ ಮಾತ್ರೆಯ ಹಾಳೆಗಳನ್ನೋ ಒಂದು ಚೀಲದಲ್ಲಿ ಹಾಕಿಕೊಂಡು ಹೋಗುವುದು ಸುಲಭವಾದ ಉಪಾಯ.

ಹಾಕಿಕೊಳ್ಳುವ ಕ್ರಮ

ಪೊರೆಯ ಶಸ್ತ್ರಚಿಕಿತ್ಸೆಗೆ ಮೊದಲು, ಅಥವಾ ಕಣ್ಣಿನೊಳಗಿನ ಉರಿಯೂತಕ್ಕೆ, ಪಾಪೆ ಹಿಗ್ಗಿಸುವ ಹನಿಯನ್ನು ಮನೆಯಲ್ಲಿಯೇ ಹಾಕಿಕೊಳ್ಳಲು ವೈದ್ಯರು ಬರೆದುಕೊಡುವುದುಂಟು. ಉರಿಯೂತವಿರುವಾಗ ಐರಿಸ್ ಹಿಂದಿನ ಮಸೂರಕ್ಕೆ ಅಂಟಿಕೊಳ್ಳದಂತೆ ಈ ಹನಿ ತಡೆಯುತ್ತದೆ, ನೋವನ್ನೂ ತಗ್ಗಿಸುತ್ತದೆ.

ಮೊದಲು ಸಾಬೂನಿನಿಂದ ಕೈ ತೊಳೆಯಬೇಕು. ಸೀಸೆಯ ಮೇಲಿನ ಹೆಸರು, ಶೇಕಡಾವಾರು ಅಂಕಿ, ಅವಧಿ ಮುಗಿಯುವ ದಿನಾಂಕಗಳನ್ನು ಬೆಳಕಿನಲ್ಲಿ ಓದಬೇಕು. ಕಣ್ಣಹನಿ, ಕಿವಿಹನಿ, ಮೂಗಿನ ಹನಿಗಳ ಸೀಸೆಗಳು ಒಂದೇ ಬಗೆಯಲ್ಲಿ ಕಾಣುವುದರಿಂದ ಅವನ್ನು ಒಟ್ಟಿಗೆ ಇಡಬಾರದು. ತಲೆಯನ್ನು ಹಿಂದಕ್ಕೆ ಬಾಗಿಸಿ, ಕೆಳರೆಪ್ಪೆಯನ್ನು ಮೆಲ್ಲಗೆ ಜಗ್ಗಿ, ಆ ಬಟ್ಟಲಿನಂತಹ ಜಾಗಕ್ಕೆ ಒಂದೇ ಹನಿ ಬಿಡಬೇಕು. ಕಣ್ಣು ಹಿಡಿದಿಟ್ಟುಕೊಳ್ಳುವುದು ಒಂದು ಹನಿಗಿಂತಲೂ ಕಡಿಮೆ. ಎರಡು ಮೂರು ಹನಿ ಸುರಿದರೆ ಹೆಚ್ಚಿನ ಗುಣ ಬರುವುದಿಲ್ಲ, ಗಂಟಲಿಗೆ ಇಳಿಯುವ ಔಷಧ ಮಾತ್ರ ಹೆಚ್ಚಾಗುತ್ತದೆ. ಸೀಸೆಯ ತುದಿ ಕಣ್ಣಿಗಾಗಲಿ, ರೆಪ್ಪೆಗಾಗಲಿ, ಬೆರಳಿಗಾಗಲಿ ತಾಗಬಾರದು.

ಬಳಿಕ ಕಣ್ಣನ್ನು ಮೆಲ್ಲಗೆ ಮುಚ್ಚಿ, ಮೂಗಿನ ಪಕ್ಕದ ಒಳಮೂಲೆಯನ್ನು ಬೆರಳ ತುದಿಯಿಂದ ಎರಡು ನಿಮಿಷ ಒತ್ತಿ ಹಿಡಿಯಬೇಕು. ಇದರಿಂದ ಕಣ್ಣೀರಿನ ನಾಳ ಮುಚ್ಚಿ, ರಕ್ತಕ್ಕೆ ಸೇರುವ ಔಷಧದ ಪ್ರಮಾಣ ತಗ್ಗುತ್ತದೆ. ಮಕ್ಕಳಿಗೆ, ವೃದ್ಧರಿಗೆ, ಹೃದ್ರೋಗಿಗಳಿಗೆ ಈ ಚಿಕ್ಕ ಕ್ರಮ ದೊಡ್ಡ ರಕ್ಷೆ. ಬೇರೊಂದು ಹನಿ ಹಾಕಬೇಕಿದ್ದರೆ ನಡುವೆ ಐದು ನಿಮಿಷ ಬಿಡಬೇಕು. ಹಾಕಿದ ಕೈಯನ್ನು ಮತ್ತೆ ತೊಳೆಯಬೇಕು. ಇಲ್ಲವಾದರೆ ಆ ಬೆರಳು ತಾಗಿದ ಇನ್ನೊಂದು ಕಣ್ಣಿನ ಪಾಪೆಯೂ ಹಿಗ್ಗೀತು.

ಮನೆಗೆ ಮರಳುವಾಗ

ಹನಿ ಹಾಕಿದ ಕಣ್ಣಿಗೆ ಎರಡು ತೊಂದರೆಗಳಿರುತ್ತವೆ. ಬೆಳಕನ್ನು ತಡೆಯುವ ಶಕ್ತಿ ಇರುವುದಿಲ್ಲವಾದ್ದರಿಂದ ಬಿಸಿಲು ಕಣ್ಣು ಕುಕ್ಕುತ್ತದೆ; ಹತ್ತಿರದ ವಸ್ತುಗಳು ಮಸುಕಾಗಿ ಕಾಣುತ್ತವೆ. ಇವು ಔಷಧದ ಸಹಜ ಪರಿಣಾಮಗಳು, ಕಾಯಿಲೆಯಲ್ಲ. ಆದರೆ ಇವುಗಳನ್ನು ಅಲಕ್ಷಿಸಿ ನಡೆದರೆ ಅನಾಹುತಕ್ಕೆ ಎಡೆಯಾಗುತ್ತದೆ.

ದೃಷ್ಟಿ ಪೂರ್ಣವಾಗಿ ತಿಳಿಯಾಗುವವರೆಗೆ ವಾಹನ ಚಲಾಯಿಸಬಾರದು. ಬೈಕಾಗಲಿ, ಕಾರಾಗಲಿ, ಟ್ರ್ಯಾಕ್ಟರಾಗಲಿ ಈ ಮಾತಿಗೆ ಹೊರತಲ್ಲ. ‘ನಮ್ಮ ಊರು ಇಲ್ಲೇ ನಾಲ್ಕು ಮೈಲು’ ಎಂದು ಹೊರಟವರಿಗೆ ಎದುರಿನ ಲಾರಿಯ ದೀಪವೊಂದೇ ಸಾಕು. ಆಸ್ಪತ್ರೆಗೆ ಹೊರಡುವಾಗಲೇ ಜೊತೆಗೊಬ್ಬರನ್ನು ಕರೆದುಕೊಂಡು ಹೋಗಬೇಕು. ತಂಪು ಕನ್ನಡಕ, ಅದಿಲ್ಲದಿದ್ದರೆ ಅಂಚುಳ್ಳ ಟೋಪಿ, ಛತ್ರಿ ಅಥವಾ ತಲೆಯ ಮೇಲೆ ಎಳೆದುಕೊಂಡ ಸೆರಗು ನೆರವಾಗುತ್ತದೆ. ಮೆಟ್ಟಿಲು ಇಳಿಯುವಾಗ, ಬಸ್ಸು ಹತ್ತುವಾಗ ವೃದ್ಧರ ಕೈ ಹಿಡಿಯಬೇಕು. ಮೇವು ಕತ್ತರಿಸುವ ಯಂತ್ರ, ಕುಡಗೋಲು, ಹೊಲಿಗೆ ಯಂತ್ರ, ಕುದಿಯುವ ಎಣ್ಣೆಯ ಕೆಲಸಗಳನ್ನು ಆ ದಿನ ಇತರರಿಗೆ ಬಿಡುವುದು ಲೇಸು. ಕಾಣದ ಅಕ್ಷರದ ದಾಖಲೆಗಳಿಗೆ ಸಹಿ ಮಾಡುವುದನ್ನೂ ಮರುದಿನಕ್ಕೆ ಇಟ್ಟುಕೊಳ್ಳಬಹುದು.

ಮಧುಮೇಹಿಗಳು ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಇನ್ಸುಲಿನ್ ಸಿರಿಂಜಿನ ಗೆರೆಗಳು ಬಹು ಸೂಕ್ಷ್ಮ. ಹನಿ ಹಾಕಿದ ಕಣ್ಣಿಗೆ 10ರ ಗೆರೆ 20ರಂತೆ ತೋರಿದರೆ ಪ್ರಾಣಕ್ಕೇ ಸಂಚಕಾರ. ಅಂದು ಸಂಜೆಯ ಇನ್ಸುಲಿನನ್ನು ದೃಷ್ಟಿ ಸರಿಯಿರುವ ಮನೆಯವರೊಬ್ಬರು ಅಳೆದು ಕೊಡಲಿ, ಅಥವಾ ಅಳತೆಯನ್ನು ಅವರು ನೋಡಿ ಖಚಿತಪಡಿಸಲಿ. ಮಾತ್ರೆಗಳನ್ನು ಗುರುತಿಸುವುದಕ್ಕೂ ಇದೇ ಎಚ್ಚರ ಅನ್ವಯಿಸುತ್ತದೆ. ತಪಾಸಣೆಯ ಹನಿಗಾಗಿ ಉಪವಾಸವಿರುವ ಅಗತ್ಯವಿಲ್ಲ. ಊಟವನ್ನೂ ಮಾತ್ರೆಯನ್ನೂ ವೈದ್ಯರು ಬೇರೆ ಹೇಳದ ಹೊರತು ಎಂದಿನಂತೆ ತೆಗೆದುಕೊಳ್ಳಬೇಕು.

ಪಿತ್ತವೆಂದು ತಿಳಿಯಬಾರದ ನೋವು

ಈಗ ಆರಂಭದಲ್ಲಿ ಹೇಳಿದ ಆ ತಾಯಿಯ ಸಂಗತಿಗೆ ಮರಳೋಣ. ಅವರ ಕಣ್ಣಿನಲ್ಲಿ ನಡೆದದ್ದೇನು?

ಕಣ್ಣಿನೊಳಗೆ, ಐರಿಸ್‌ನ ಹಿಂದೆ, ನಿರಂತರವಾಗಿ ತಿಳಿ ನೀರಿನಂತಹ ದ್ರವ ಒಸರುತ್ತಿರುತ್ತದೆ. ಅದು ಪಾಪೆಯ ಮೂಲಕ ಮುಂದಕ್ಕೆ ಬಂದು, ಐರಿಸ್ ಮತ್ತು ಅದರ ಮುಂದಿನ ಗಾಜಿನಂತಹ ಪೊರೆ ಸೇರುವ ಕೋನದಲ್ಲಿರುವ ಜಾಲರಿಯ ಮೂಲಕ ಹರಿದು ಹೋಗುತ್ತದೆ. ಒಳಬರುವುದೂ ಹೊರಹೋಗುವುದೂ ಸಮವಾಗಿದ್ದಾಗ ಕಣ್ಣಿನ ಒತ್ತಡ ಪಾದರಸದ ಅಳತೆಯಲ್ಲಿ ಸುಮಾರು 10ರಿಂದ 21 ಮಿಲಿಮೀಟರುಗಳಷ್ಟಿರುತ್ತದೆ. ಕೆಲವರಲ್ಲಿ ಹುಟ್ಟಿನಿಂದಲೇ ಈ ಕೋನ ಕಿರಿದು. ವಯಸ್ಸಾದಂತೆ ಮಸೂರ ದಪ್ಪವಾಗಿ ಐರಿಸನ್ನು ಮುಂದಕ್ಕೆ ತಳ್ಳಿದಾಗ ಅದು ಮತ್ತಷ್ಟು ಕಿರಿದಾಗುತ್ತದೆ. ಪ್ಲಸ್ ನಂಬರಿನ ಕನ್ನಡಕದವರಲ್ಲಿ, ಸ್ತ್ರೀಯರಲ್ಲಿ, ಮನೆತನದಲ್ಲಿ ಈ ಕಾಯಿಲೆ ಇದ್ದವರಲ್ಲಿ ಇದು ಹೆಚ್ಚು. ಇಂತಹ ಕಣ್ಣಿನ ಪಾಪೆ ಹಿಗ್ಗಿ, ಮರಳಿ ಕುಗ್ಗುತ್ತ ಅರೆಹಿಗ್ಗಿದ ಸ್ಥಿತಿಗೆ ಬಂದಾಗ ದ್ರವದ ಹಾದಿ ಕಟ್ಟಿಕೊಂಡು ಕೋನ ಮುಚ್ಚಿಹೋಗುವ ಸಂಭವವಿದೆ. ಆಗ ಒತ್ತಡ ಕೆಲವೇ ಗಂಟೆಗಳಲ್ಲಿ 40, 50 ಮಿಲಿಮೀಟರುಗಳನ್ನು ಮೀರಿ ಏರಿ ದೃಷ್ಟಿನರವನ್ನು ಹಿಸುಕುತ್ತದೆ. ಹನಿ ಹಾಕಿದ ಕೂಡಲೇ ಆಗದೆ, ಮನೆಗೆ ಮರಳಿದ ಮೇಲೆ ಸಂಜೆಯೋ ರಾತ್ರಿಯೋ ಈ ತೊಂದರೆ ತಲೆದೋರುವುದು ಇದರಿಂದಲೇ.

ಇದರ ಲಕ್ಷಣಗಳನ್ನು ಮನೆಯವರೆಲ್ಲರೂ ನೆನಪಿಡಬೇಕು: ಕಣ್ಣಿನಲ್ಲಿ ತೀವ್ರ ನೋವು, ಅದೇ ಬದಿಯ ತಲೆನೋವು, ಕಣ್ಣು ಕೆಂಪಾಗುವುದು, ದೃಷ್ಟಿ ಇನ್ನಷ್ಟು ಮಂಜಾಗುವುದು, ದೀಪದ ಸುತ್ತ ಬಣ್ಣದ ಬಳೆಗಳು, ಓಕರಿಕೆ ಮತ್ತು ವಾಂತಿ. ಹನಿಯ ಸಹಜ ಪರಿಣಾಮದಲ್ಲಿ ಮಸುಕಿರುತ್ತದೆ, ಬೆಳಕಿನ ಹಿಂಸೆಯಿರುತ್ತದೆ, ತೀವ್ರ ನೋವಿರುವುದಿಲ್ಲ. ತೀವ್ರ ನೋವೇ ಅಪಾಯದ ಗುರುತು. ಅದು ಕಂಡಾಗ ಬೆಳಗಾಗಲೆಂದು ಕಾಯದೆ, ರಾತ್ರಿಯೇ ಆದರೂ ನೇತ್ರ ಚಿಕಿತ್ಸೆ ಇರುವ ಆಸ್ಪತ್ರೆಗೆ ಹೋಗಬೇಕು. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಬೇಕು. ‘ಇಂದು ಪಾಪೆ ಹಿಗ್ಗಿಸುವ ಹನಿ ಹಾಕಿದ್ದರು’ ಎಂಬ ಮಾತನ್ನು ಮೊದಲು ಹೇಳಬೇಕು. ಸಕಾಲಕ್ಕೆ ತಲುಪಿದರೆ ಔಷಧದಿಂದ ಒತ್ತಡವನ್ನು ಇಳಿಸಿ, ನಂತರ ಲೇಸರ್ ಕಿರಣದಿಂದ ಐರಿಸ್‌ನಲ್ಲಿ ಸಣ್ಣ ರಂಧ್ರ ಮಾಡಿ ದ್ರವಕ್ಕೆ ಬೇರೆ ದಾರಿ ಕಲ್ಪಿಸುತ್ತಾರೆ. ಇನ್ನೊಂದು ಕಣ್ಣಿಗೂ ಮುನ್ನೆಚ್ಚರಿಕೆಯಾಗಿ ಇದನ್ನು ಮಾಡುತ್ತಾರೆ. ನಾವು ಬಲ್ಲ ಆ ತಾಯಿಯ ಎಡಗಣ್ಣು ಇಂದು ಉಳಿದಿರುವುದು ಹಾಗೆಯೇ.

ಮಕ್ಕಳಿರುವ ಮನೆಯಲ್ಲಿ

ಮಕ್ಕಳ ನಂಬರು ನೋಡಲು ಅಟ್ರೋಪಿನ್ ಮುಲಾಮನ್ನೋ ಹನಿಯನ್ನೋ ಕೆಲವು ದಿನ ಮನೆಯಲ್ಲಿ ಹಾಕಲು ಹೇಳುತ್ತಾರೆ. ಒಂದು ಕಣ್ಣು ಸೋಮಾರಿಯಾದ ಮಗುವಿಗೆ, ಒಳ್ಳೆಯ ಕಣ್ಣನ್ನು ಮಸುಕಾಗಿಸಿ ಸೋಮಾರಿ ಕಣ್ಣಿಗೆ ಕೆಲಸ ಕೊಡಲೂ ಇದನ್ನು ಬಳಸುತ್ತಾರೆ. ಮಕ್ಕಳ ಸಮೀಪದೃಷ್ಟಿ ವರ್ಷದಿಂದ ವರ್ಷಕ್ಕೆ ಏರುವುದನ್ನು ನಿಧಾನಗೊಳಿಸಲು ಶೇಕಡಾ 0.01 ಅಥವಾ 0.05ರಂತಹ ಅತಿ ಸೌಮ್ಯ ಅಟ್ರೋಪಿನ್ ಹನಿಯನ್ನು ಈಚಿನ ವರ್ಷಗಳಲ್ಲಿ ಬರೆದುಕೊಡುತ್ತಿದ್ದಾರೆ. ಇಲ್ಲಿಯೇ ತಂದೆತಾಯಂದಿರ ಎಚ್ಚರ ಬೇಕಾಗಿರುವುದು. ಶೇಕಡಾ 0.01ಕ್ಕೂ ಶೇಕಡಾ 1ಕ್ಕೂ ನೂರು ಪಟ್ಟು ಅಂತರ. ಔಷಧದ ಅಂಗಡಿಯಲ್ಲಿ ಸೀಸೆ ಪಡೆದಾಗ ಆ ಅಂಕಿಯನ್ನು ಚೀಟಿಯೊಡನೆ ಹೋಲಿಸಿ ನೋಡಲೇಬೇಕು.

ಶೇಕಡಾ 1ರ ಅಟ್ರೋಪಿನ್‌ನ ಒಂದು ಹನಿಯಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಔಷಧವಿರುತ್ತದೆ. ಕೀಟನಾಶಕ ಸೇವಿಸಿ ಆಸ್ಪತ್ರೆಗೆ ಬಂದವರಿಗೆ ಚುಚ್ಚುಮದ್ದಾಗಿ ಕೊಡುವುದೂ ಇದೇ ಅಟ್ರೋಪಿನ್. ಅದರ ಒಂದು ಮಿಲಿಲೀಟರಿನ ಆಂಪೂಲಿನಲ್ಲಿರುವುದು 0.6 ಮಿಲಿಗ್ರಾಂ. 5 ಮಿಲಿಲೀಟರಿನ ಕಣ್ಣಹನಿಯ ಸೀಸೆಯೊಂದರಲ್ಲಿ 50 ಮಿಲಿಗ್ರಾಂ ಇರುತ್ತದೆ. ಆಟವಾಡುತ್ತ ಮಗು ಅದನ್ನು ಕುಡಿದರೆ ಪ್ರಾಣಾಪಾಯ. ಆದ್ದರಿಂದ ಸೀಸೆಯನ್ನು ದೇವರ ಕೋಣೆಯ ಗೂಡಿನಲ್ಲೋ ಟಿವಿಯ ಪಕ್ಕದಲ್ಲೋ ಇಡದೆ, ಮಕ್ಕಳ ಕೈಗೆ ಎಟುಕದ ಕಡೆ ಬೀಗ ಹಾಕಿಡಬೇಕು.

ಹನಿ ಅಥವಾ ಮುಲಾಮು ಹಾಕಿದ ಮಗುವಿನ ಮುಖ ಕೆಂಪೇರಿ, ಮೈ ಬಿಸಿಯಾಗಿ, ಬಾಯಿ ಒಣಗಿ, ಎದೆ ಬಡಿತ ಹೆಚ್ಚಿದರೆ, ಅಥವಾ ಮಗು ಅಸಂಬದ್ಧವಾಗಿ ಮಾತಾಡತೊಡಗಿದರೆ, ವಿಪರೀತ ಮಂಪರು ಕವಿದರೆ, ಔಷಧ ನಿಲ್ಲಿಸಿ ಕೂಡಲೇ ವೈದ್ಯರಲ್ಲಿಗೆ ಹೋಗಬೇಕು. ಇದು ಜ್ವರವೆಂದು ಜ್ವರದ ಔಷಧ ಕೊಟ್ಟು ಕೂರಬಾರದು. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಅಟ್ರೋಪಿನ್‌ನ ಪರಿಣಾಮ ಹೆಚ್ಚು. ಮೂರ್ಛೆರೋಗವಿದ್ದರೂ ಮೊದಲೇ ಹೇಳಬೇಕು.

ದಿನ ತುಂಬುವ ಮೊದಲೇ ಜನಿಸಿದ ಶಿಶುಗಳ ರೆಟಿನಾದಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿಯಾಗಿ ಬೆಳೆದು ಕುರುಡುತನ ಬರುವ ಸಂಭವವಿದೆ. 34 ವಾರಕ್ಕೆ ಮೊದಲೇ ಹುಟ್ಟಿದ ಅಥವಾ 2 ಕಿಲೋಗ್ರಾಂಗಿಂತ ಕಡಿಮೆ ತೂಕದ ಶಿಶುವಿನ ಕಣ್ಣನ್ನು 30 ದಿನ ತುಂಬುವುದರೊಳಗೆ ಪರೀಕ್ಷಿಸಬೇಕು. ತೀರ ಬೇಗ ಹುಟ್ಟಿದ್ದರೆ ಇನ್ನೂ ಮೊದಲೇ. ಬೆಂಗಳೂರಿನ ನಾರಾಯಣ ನೇತ್ರಾಲಯವು 2008ರಲ್ಲಿ ಆರಂಭಿಸಿದ ಕಿಡ್‌ರಾಪ್ ಯೋಜನೆಯಲ್ಲಿ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೇ ಹೋಗಿ ಈ ಪರೀಕ್ಷೆ ನಡೆಸುತ್ತ ಬಂದಿದ್ದಾರೆ. ಇಂತಹ ಶಿಶುಗಳಿಗೆ ಬಳಸುವುದು ತೀಕ್ಷ್ಣತೆ ತಗ್ಗಿಸಿದ ಹನಿಯನ್ನು. ಅದನ್ನು ಹಾಕುವವರು ಶಿಶುವಿನ ಉಸಿರಾಟವನ್ನೂ ನಾಡಿಯನ್ನೂ ಗಮನಿಸುತ್ತಿರುತ್ತಾರೆ. ಎಳೆಗೂಸಿನ ಕಣ್ಣಿಗೆ ಔಷಧವೇಕೆಂದು ತಾಯಂದಿರು ಹಿಂಜರಿಯಬಾರದು. ಆ ಕೆಲವು ವಾರಗಳಲ್ಲಿ ನೋಡದಿದ್ದರೆ ಮುಂದೆ ನೋಡಿ ಮಾಡುವುದೇನೂ ಉಳಿದಿರುವುದಿಲ್ಲ.

ಉಳಿದ ಸೀಸೆಯ ಗತಿ

ಚಿಕಿತ್ಸೆ ಮುಗಿದ ಮೇಲೂ ಸೀಸೆಯನ್ನು ಎತ್ತಿಡುವುದು ನಮ್ಮ ಮನೆಗಳ ರೂಢಿ. ಆರು ತಿಂಗಳ ನಂತರ ಮನೆಯಲ್ಲಿ ಯಾರದೋ ಕಣ್ಣು ಕೆಂಪಾದಾಗ ಅದೇ ಸೀಸೆ ಹೊರಬರುತ್ತದೆ, ನೆರೆಮನೆಯವರಿಗೂ ಹೋಗುತ್ತದೆ. ಕಣ್ಣು ಕೆಂಪಾಗಲು ಕಾರಣಗಳು ಹಲವು. ಪಾಪೆ ಹಿಗ್ಗಿಸುವ ಹನಿ ಅವುಗಳಲ್ಲಿ ಕೆಲವಕ್ಕೆ ಮಾತ್ರ ಔಷಧ, ಉಳಿದವಕ್ಕೆ ಅಪಕಾರ. ತೆರೆದ ಸೀಸೆಯಲ್ಲಿ ರೋಗಾಣುಗಳೂ ಸೇರಿಕೊಳ್ಳುತ್ತವೆ. ತೆರೆದ ದಿನಾಂಕವನ್ನು ಸೀಸೆಯ ಮೇಲೆ ಬರೆದಿಟ್ಟು, ಒಂದು ತಿಂಗಳಾದೊಡನೆ ಅಥವಾ ಚಿಕಿತ್ಸೆ ಮುಗಿದೊಡನೆ ಅದನ್ನು ವಿಸರ್ಜಿಸಬೇಕು. ಒಬ್ಬರ ಹನಿ ಇನ್ನೊಬ್ಬರಿಗಲ್ಲ. ಅನ್ನವನ್ನು ಹಂಚಿ ಉಣ್ಣುವುದು ಧರ್ಮ. ಔಷಧವನ್ನು ಹಂಚಿಕೊಳ್ಳುವುದು ಧರ್ಮವಲ್ಲ.

ಭಯದಿಂದ ತಪಾಸಣೆ ತಪ್ಪದಿರಲಿ

ಇಷ್ಟೆಲ್ಲ ಓದಿದವರು ‘ಹಾಗಾದರೆ ಈ ಹನಿಯ ಸಹವಾಸವೇ ಬೇಡ’ ಎಂದು ನಿರ್ಧರಿಸಿದರೆ ನಮ್ಮ ಶ್ರಮ ವ್ಯರ್ಥವಾಯಿತೆಂದೇ ತಿಳಿಯುತ್ತೇವೆ. ಮಧುಮೇಹದಿಂದ ರೆಟಿನಾ ಕೆಡುವಾಗ ಮೊದಮೊದಲು ಯಾವ ಲಕ್ಷಣವೂ ಇರುವುದಿಲ್ಲ. ಅಕ್ಷರ ಸ್ಪಷ್ಟವಾಗಿಯೇ ಕಾಣುತ್ತಿರುತ್ತದೆ. ದೃಷ್ಟಿ ಕುಂದಿದ ಮೇಲೆ ಹೋದರೆ ಕಳೆದುದೆಲ್ಲ ಮರಳಿ ಬರುವುದಿಲ್ಲ. ಆದುದರಿಂದ ಸಕ್ಕರೆ ಕಾಯಿಲೆ ಇರುವವರು ಕಣ್ಣು ಚೆನ್ನಾಗಿದ್ದರೂ ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸಿ ರೆಟಿನಾ ತೋರಿಸಿಕೊಳ್ಳಬೇಕು. ಕಣ್ಣ ಮುಂದೆ ಏಕಾಏಕಿ ಮಿಂಚು ಹೊಳೆದಂತೆ, ನುಸಿಗಳು ಹಾರಿದಂತೆ, ಪರದೆ ಇಳಿಬಿಟ್ಟಂತೆ ಕಂಡರೆ ಅದೇ ದಿನ ಹೋಗಬೇಕು. ಹನಿಯಿಂದಾಗುವ ಅರ್ಧ ದಿನದ ಮಸುಕಿಗೆ ಅಂಜಿ ಜೀವನಪರ್ಯಂತದ ಕತ್ತಲೆಯನ್ನು ಬರಮಾಡಿಕೊಳ್ಳುವುದು ವಿವೇಕವಲ್ಲ.

ಬಾಗಲಕೋಟೆ ಜಿಲ್ಲೆಯ ಬೀಳಗಿಯಲ್ಲಿ ಜನಿಸಿದ ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಉಚಿತ ನೇತ್ರ ಶಿಬಿರಗಳನ್ನು ನಡೆಸಿ ಅಸಂಖ್ಯ ಬಡವರ ಕಣ್ಣಿಗೆ ಬೆಳಕು ಕೊಟ್ಟುದನ್ನು ನಮ್ಮ ಹಿರಿಯರು ಇಂದಿಗೂ ಸ್ಮರಿಸುತ್ತಾರೆ. ಆ ಕಾಲದಲ್ಲಿ ವೈದ್ಯರು ಜನರನ್ನು ಹುಡುಕಿಕೊಂಡು ಬರಬೇಕಾಗಿತ್ತು. ಇಂದು ತಾಲೂಕು ಕೇಂದ್ರಗಳಲ್ಲಿಯೂ ತಪಾಸಣೆ ದೊರೆಯುತ್ತಿದೆ; ಮಠಮಾನ್ಯಗಳ ಅಂಗಳದಲ್ಲಿ ಶಿಬಿರಗಳು ನಡೆಯುತ್ತಿವೆ. ಶಿಬಿರಕ್ಕೆ ಬರುವ ಹಿರಿಯರ ಜೊತೆ ಮನೆಯವರೊಬ್ಬರು ಬರಲಿ. ಮಾತ್ರೆಗಳ ಚೀಲ ಕೈಯಲ್ಲಿರಲಿ. ಹೊರಡುವಾಗ ಕೊಡುವ ಚೀಟಿಯನ್ನು ಜೇಬಿಗೆ ಹಾಕುವ ಮೊದಲು ಒಮ್ಮೆ ಗಟ್ಟಿಯಾಗಿ ಓದಿ, ಹಿರಿಯರಿಗೂ ಕೇಳಿಸಲಿ. ಆ ರಾತ್ರಿ ಮಲಗುವ ಮುನ್ನ ‘ಅವ್ವಾ, ಕಣ್ಣು ನೋಯುತ್ತಿದೆಯೇ?’ ಎಂದು ಮನೆಯವರು ಕೇಳಲಿ. ಆ ಒಂದು ಪ್ರಶ್ನೆಗೆ ಎರಡು ಕಣ್ಣುಗಳನ್ನು ಉಳಿಸುವ ಶಕ್ತಿಯಿದೆ.